ಹಿಡಿ ಮಡಕೆಯಲ್ಲಿ ಮೆತ್ತಪ್ಪ

ಮಾವಿನ ಮರಗಳು ಬೇಲಿಯಾಚೆಯ ಮರಗಳ ಮೇಲೆ ಚಾಡಿ ಹೇಳುತ್ತಿದ್ದ ಕಾಲದಲ್ಲಿ, ಅಂದರೆ ಹೋದ ವರ್ಷದ ಹಿಂದಿನ ವರ್ಷ, ಶ್ರೀನಿವಾಸಪುರದ ಕಡೆಯ ಯಲ್ದೂರಿಗೆ ಒಬ್ಬ ಪುಟ್ಟ ಸೈತಾನ ಮನೆ ಹುಡುಕಿಕೊಂಡು ಬಂದ. ಅವನ ಹೆಸರು ಮೆತ್ತಪ್ಪ.

ಸೈತಾನ ಅಂದರೆ ಕೊಂಬು, ಬಾಲ, ಬೆಂಕಿ ಎಂದು ನೀವು ಅಂದುಕೊಂಡಿದ್ದರೆ ಅದು ಬೇರೆ ಕುಲ. ಆ ಕುಲದವರು ಕಷ್ಟಕಾಲದಲ್ಲಿ ಬಂದು ಬಾಗಿಲು ಒದೆಯುತ್ತಾರೆ. ಜನ ಬೆಚ್ಚಿ ಎದ್ದು, ಮೊಣಕಾಲೂರಿ, ಪ್ರಾರ್ಥನೆ ಮಾಡಿ ಅವರನ್ನು ಓಡಿಸುತ್ತಾರೆ. ಮೆತ್ತಪ್ಪನ ಕುಲ ಬರುವುದು ಸುಖ ಬಂದ ಮೇಲೆ. ಬೆಕ್ಕಿನ ಮರಿಯಷ್ಟು ಮೈ, ಬೂರುಗದ ಹತ್ತಿ ತುಂಬಿದಂಥ ಹೊಟ್ಟೆ, ಸದಾ ಅರ್ಧ ಮುಚ್ಚಿದ ಕಣ್ಣು. ಇವರು ಯಾವ ಬಾಗಿಲನ್ನೂ ಒದೆಯುವುದಿಲ್ಲ. ಸದ್ದಿಲ್ಲದೆ ಒಳಗೆ ಬಂದು ನಿಮ್ಮ ತಲೆದಿಂಬನ್ನು ಸರಿಮಾಡುತ್ತಾರೆ, ಅಷ್ಟೆ. ನಮ್ಮಜ್ಜಿ ಕೊಂಬಿನವರಿಗೆ ಹೆದರಿದವಳಲ್ಲ. ಮೆತ್ತಪ್ಪನ ಕಥೆ ಹೇಳುವಾಗ ಮಾತ್ರ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂರುತ್ತಿದ್ದಳು.

ಮೆತ್ತಪ್ಪ ಊರೆಲ್ಲ ಸುತ್ತಿ, ಕೊನೆಗೆ ಶ್ಯಾಮಲಮ್ಮನ ಅಡುಗೆಮನೆಯ ಅಟ್ಟದ ಮೇಲೆ ತನಗೆ ಒಪ್ಪುವ ಮನೆಯನ್ನು ಕಂಡುಕೊಂಡ. ಅದೊಂದು ಖಾಲಿ ಮಣ್ಣಿನ ಮಡಕೆ. ಒಳಗೆ ತಂಪಾಗಿತ್ತು, ಕತ್ತಲಿತ್ತು, ಒಂದೇ ಒಂದು ಜೇಡವಿತ್ತು, ಅದೂ ತನ್ನ ಪಾಡಿಗೆ ತಾನಿರುವ ಸಭ್ಯ ಜೇಡ. ಮೆತ್ತಪ್ಪ ಕಾಲು ಚಾಚಿ ಮಲಗಿದ.

ಆ ಮಡಕೆ ಖಾಲಿ ಇರಬಾರದಿತ್ತು. ಶ್ಯಾಮಲಮ್ಮನ ಚರ್ಚಿನ ಸಭೆಯ ಹೆಂಗಸರಲ್ಲಿ ಒಂದು ವಾಡಿಕೆ. ಒಲೆ ಹಚ್ಚಿ ಎಸರಿಟ್ಟಾಗ, ಮುದ್ದೆಗೆಂದು ಅಳೆದುಕೊಂಡ ರಾಗಿ ಹಿಟ್ಟಿನಿಂದ ಒಂದು ಹಿಡಿ ತೆಗೆದು, ಕಣ್ಣುಮುಚ್ಚಿ ಎರಡು ಮಾತು ಪ್ರಾರ್ಥಿಸಿ, ದೇವರ ಪಾಲೆಂದು ಬೇರೆ ಇಡಬೇಕು. ತಿನ್ನುವವರು ಕಾದು ಕೂತಿರುವಾಗಲೇ, ಅವರ ಪಾಲಿನಿಂದಲೇ ತೆಗೆಯಬೇಕು. ಚೀಲಕ್ಕೆ ಕೈಹಾಕಿ ತೆಗೆದರೆ ಅದು ಬರೀ ಹಿಟ್ಟು, ಹಿಡಿ ಅಲ್ಲ.

ಕೆಲವು ವರ್ಷಗಳ ಹಿಂದೆ ಶ್ಯಾಮಲಮ್ಮನ ಗಂಡ ಕಾಂತರಾಜ್ ಮಾವಿನ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದ. ಮನೆಯಲ್ಲಿ ಹಿಟ್ಟು ಅಷ್ಟಕ್ಕಷ್ಟೆ. ಆಗ ಶ್ಯಾಮಲಮ್ಮ ಮೊಣಕಾಲೂರಿ ಹೇಳಿದ್ದಳು: "ಕರ್ತನೇ, ಇವರನ್ನ ನಡೆಸಪ್ಪಾ. ಇವರು ನಡೆದ್ರೆ, ಸುಗ್ಗಿ ಹಬ್ಬಕ್ಕೆ ಒಂದು ಮಡಕೆ ತುಂಬ ಹಿಡಿ ಹಿಟ್ಟು ನನ್ನ ತಲೆ ಮೇಲೇ ಹೊತ್ಕೊಂಡು ಬಂದು ನಿನ್ನ ಪೀಠದ ಮುಂದೆ ಇಡ್ತೀನಿ."

ಕಾಂತರಾಜ್ ನಡೆದ. ತೋಟ ಹೂ ಬಿಟ್ಟಿತು, ಕಾಯಿ ಬಿಟ್ಟಿತು, ಒಳ್ಳೆಯ ಬೆಲೆಗೆ ಹೋಯಿತು. ಮನೆಗೆ ಟೈಲ್ಸ್ ಬಂತು. ಕೋಲಾರದಿಂದ ಒಂದು ಸೋಫಾ ಬಂತು. ಕೂತವರು ಏಳಬೇಕಾದರೆ ಇನ್ನೊಬ್ಬರು ಕೈಕೊಟ್ಟು ಎಳೆಯಬೇಕು, ಅಂಥ ಸೋಫಾ. ಮಡಕೆ ಮಾತ್ರ ಮುಂದಿನ ಸುಗ್ಗಿಗೆ, ಅದರ ಮುಂದಿನ ಸುಗ್ಗಿಗೆ ಎಂದು ಅಟ್ಟದ ಮೇಲೇ ಉಳಿಯಿತು.

ಹೀಗಿರುವಾಗ ಕ್ರಿಸ್ಮಸ್ಸಿಗೆ ಇನ್ನೂ ದಿನವಿದೆ ಎನ್ನುವಾಗ ಒಂದು ಕೋತಿ ಕಾಂತರಾಜನ ಕನ್ನಡಕ ಕಿತ್ತುಕೊಂಡು ಓಡಿತು. ಕಾಂತರಾಜ್ ಪಂಚೆ ಎತ್ತಿಕಟ್ಟಿ ಅಟ್ಟಿಸಿಕೊಂಡು ಹೋದವನು ಹಿತ್ತಲ ಗೋಡೆಯನ್ನು ಒಂದೇ ನೆಗೆತಕ್ಕೆ ಹಾರಿದ. ಬಟ್ಟೆ ಒಗೆಯುತ್ತಿದ್ದ ಶ್ಯಾಮಲಮ್ಮ ಕೈಯಲ್ಲಿದ್ದ ಸೀರೆಯನ್ನು ಅಲ್ಲೇ ಬಿಟ್ಟಳು.

"ಅಯ್ಯೋ ದೇವರೇ," ಅಂದಳು. "ನಡೆಸಪ್ಪಾ ಅಂತ ಕೇಳ್ದೆ. ನೀನು ಗೋಡೆ ಹಾರಿಸ್ತಾ ಇದೀಯ. ನಾನು ಮಡಕೆ ಮರೆತು ಕೂತಿದೀನಿ!"

ಅವತ್ತೇ ಮಡಕೆ ಅಟ್ಟದಿಂದ ಇಳಿಯಿತು. ಜೇಡವನ್ನು ಕಿಟಕಿಯಾಚೆ ಬಿಟ್ಟಳು. ಮೆತ್ತಪ್ಪ ಕಣ್ಣಿಗೆ ಕಾಣುವವನಲ್ಲವಾದ್ದರಿಂದ ಒಳಗೇ ಉಳಿದ. ಎಸರು ಕುದಿಯುವ ಸದ್ದು ಕೇಳಿ ಅವನು ಆಕಳಿಸುತ್ತಿರುವಾಗಲೇ ಮೊದಲನೇ ಹಿಡಿ ಅವನ ಮುಖದ ಮೇಲೆ ಬಿತ್ತು.

"ಆಕ್ಷೀ!" ಎಂದು ಮೆತ್ತಪ್ಪ ಸೀನಿದ.

ಸಂಜೆ ಇನ್ನೊಂದು ಹಿಡಿ. ಮರುದಿನ ಮತ್ತೆ. ಪ್ರಾರ್ಥಿಸಿ ಹಾಕಿದ ಹಿಟ್ಟು ಸೈತಾನರಿಗೆ ಆಲಿಕಲ್ಲಿನಂತೆ. ಮೆತ್ತಪ್ಪನ ಬೋಳುತಲೆ ಬುಗುಟಿಯೆದ್ದು ಸೀತಾಫಲದ ಹಾಗಾಯಿತು. ಬೇರೆ ಮನೆಗೆ ಹೋಗೋಣವೆಂದರೆ ಅದಕ್ಕೆ ಏಳಬೇಕು, ನಡೆಯಬೇಕು. ಮೆತ್ತಪ್ಪನ ಕುಲದವರಿಗೆ ಅದು ಆಗದ ಮಾತು. ಆದ್ದರಿಂದ ಅವನು ತನಗೆ ಬರುವ ಒಂದೇ ಕೆಲಸಕ್ಕೆ ಕೈಹಾಕಿದ. ಮಡಕೆಯ ಬಾಯಿಗೆ ಬಂದು, ಶ್ಯಾಮಲಮ್ಮನ ಕಿವಿಯಲ್ಲಿ ಶ್ಯಾಮಲಮ್ಮನದೇ ದನಿಯಲ್ಲಿ ಮಾತಾಡತೊಡಗಿದ.

"ಬಿಡಮ್ಮಾ, ಯಾಕೆ ಇಷ್ಟು ಕಷ್ಟ. ಇವತ್ತು ಒಂದಿನ ದೋಸೆ ಹಿಟ್ಟು ತರಿಸಿಬಿಡು."

ದೋಸೆಗೆ ಎಸರಿಲ್ಲ, ಎಸರಿಲ್ಲದೆ ಹಿಡಿಯಿಲ್ಲ. ಮೆತ್ತಪ್ಪ ಅಂದು ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡಿದ. ಇನ್ನೊಂದು ದಿನ ಶ್ರೀನಿವಾಸಪುರದಿಂದ ಬಿರಿಯಾನಿ ಬಂತು. ಮತ್ತೊಂದು ದಿನ ಟೀವಿಯಲ್ಲಿ ಧಾರಾವಾಹಿಯ ಮದುವೆ, ಅಡುಗೆಯೇ ಬೇಡವೆನಿಸಿತು. ಯಾವುದೂ ಪಾಪವಲ್ಲ. ದೋಸೆ ತಿಂದವರನ್ನು ಯಾವ ಪಾದ್ರಿ ಅಯ್ಯನವರೂ ಪ್ರಸಂಗದಲ್ಲಿ ಬೈಯುವುದಿಲ್ಲ. ಆದರೂ ಶ್ಯಾಮಲಮ್ಮ ಗಟ್ಟಿಗಿತ್ತಿ. ನಡುನಡುವೆ ತಪ್ಪಿಸಿದರೂ ಹಿಡಿ ಹಾಕುತ್ತಲೇ ಬಂದಳು. ಹೊಸ ವರ್ಷದ ಹೊತ್ತಿಗೆ ಹಿಟ್ಟು ಮಡಕೆಯ ಹೊಟ್ಟೆ ದಾಟಿತು. ಮೆತ್ತಪ್ಪ ಕತ್ತು ಮುದುಡಿಕೊಂಡು ಹಿಟ್ಟಿನ ಮೇಲೆ ಕೂತು, ತಡೆಯುವುದನ್ನು ಬಿಟ್ಟು ಹೊಗಳುವುದೇ ಮೇಲು ಎಂದುಕೊಂಡ.

ಆ ವಾರ ಶ್ರೀನಿವಾಸಪುರದಿಂದ ಅನಿಲ್‌ಕುಮಾರ್ ಅಯ್ಯನವರು ಮನೆ ಪ್ರಾರ್ಥನೆಗೆ ಬಂದರು. ಕಾಫಿ ಕುಡಿಯುತ್ತಾ ಮಡಕೆ ನೋಡಿದರು.

"ಏನಿದು ಶ್ಯಾಮಲಮ್ಮನೋರೇ, ಹಿಡಿ ಹಿಟ್ಟಾ? ಈಗಿನ ಕಾಲದಲ್ಲಿ ಯಾರಮ್ಮಾ ಇಷ್ಟು ನಿಷ್ಠೆಯಿಂದ ಮಾಡ್ತಾರೆ!"

ಮುಂದಿನ ಭಾನುವಾರ ಆರಾಧನೆಯಲ್ಲಿ ಎಲ್ಲರೆದುರು ಹೆಸರೆತ್ತಿ ಹೇಳಿದರು. ಹೆಂಗಸರೆಲ್ಲ ತಿರುಗಿ ನೋಡಿದರು. ಶ್ಯಾಮಲಮ್ಮ ತಲೆ ತಗ್ಗಿಸಿದಳು, ಆದರೆ ಎಲ್ಲರಿಗೂ ಮುಖ ಕಾಣುವಷ್ಟೇ ತಗ್ಗಿಸಿದಳು.

ಮನೆಗೆ ಬಂದವಳ ಕಿವಿಯಲ್ಲಿ ಮೆತ್ತಪ್ಪ ಜೇನು ಸುರಿದ. "ಇಂಥ ಮಡಕೆ ಹಿಂಗೆ ಬರಿಮೈಲಿ ಇರಬಾರದು ಕಣಮ್ಮಾ."

ಸರಿ, ಶ್ಯಾಮಲಮ್ಮ ಮಡಕೆಗೆ ಬಿಳಿ ಬಣ್ಣ ಬಳಿದಳು. ನೀಲಿ ಹೂ ಬರೆದಳು. ಬಾಯಿಗೆ ಕ್ರೋಷಾ ಹೊದಿಕೆ ಹೆಣೆಯಲು ಕೂತಳು. ಅಂಚಿಗೆ ಪಾರಿವಾಳ, ಮಧ್ಯೆ ಶಿಲುಬೆ, ಸುತ್ತ ದ್ರಾಕ್ಷಿ ಬಳ್ಳಿ. ಹೆಣಿಗೆ ಮುಗಿಯುವ ತನಕ ಅಡುಗೆ ಕಾಂತರಾಜನದು, ಅವನಿಗೆ ಬರುತ್ತಿದ್ದುದು ಉಪ್ಪಿಟ್ಟು ಮಾತ್ರ. ಮುಗಿದ ಮೇಲೆ ಹೊದಿಕೆ ಎಷ್ಟು ಚೆನ್ನಾಗಿ ಕೂತಿತೆಂದರೆ ಅದನ್ನು ಸರಿಸಲು ಮನಸ್ಸೇ ಬರಲಿಲ್ಲ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದಳು. ಮಾಲೂರಿನಲ್ಲಿದ್ದ ಮಗಳು ಸುನಂದ ಹತ್ತು ಹೃದಯ ಕಳಿಸಿದಳು. ಪಕ್ಕದ ಮನೆಯ ಬಚ್ಚಮ್ಮ ಬಂದು ನೋಡಿ, "ಅಕ್ಕಯ್ಯಾ, ನಮ್ಮಲ್ಲಾಗಿದ್ರೆ ಇದನ್ನ ಮುಡುಪು ಅಂತೀವಿ. ಆದ್ರೆ ನಮ್ ಮುಡುಪಿಗೆ ಇಂಥ ಸೀರೆ ಉಡ್ಸಲ್ಲ," ಅಂದಳು.

ಕ್ರೋಷಾದ ಬೆಚ್ಚನೆಯಡಿ ಮೆತ್ತಪ್ಪ ಗೊರಕೆ ಹೊಡೆಯುತ್ತಿದ್ದ. ಎಸರು ಕುದಿಯುವಾಗ ಶ್ಯಾಮಲಮ್ಮ ಮಡಕೆಯ ಕಡೆ ನೋಡುತ್ತಿದ್ದಳು, ತುಂಬು ಮನಸ್ಸಿನಿಂದ ಮುಗುಳ್ನಗುತ್ತಿದ್ದಳು, ಹಿಡಿ ಹಾಕಿದಷ್ಟೇ ತೃಪ್ತಿಪಟ್ಟು ಮುದ್ದೆ ತಿರುವುತ್ತಿದ್ದಳು.

ಸುಗ್ಗಿ ಹಬ್ಬದ ಭಾನುವಾರ ಹತ್ತಿರ ಬಂತು. ಗುರುವಾರ ಬೆಳಿಗ್ಗೆ ಹೊದಿಕೆ ಒಗೆದು ಇಸ್ತ್ರಿ ಹಾಕೋಣವೆಂದು ತೆಗೆದವಳು ಮಡಕೆಯೊಳಗೆ ಇಣುಕಿ ಹಾಗೇ ನಿಂತಳು. ಹಿಟ್ಟು ಬಾಯಿಂದ ಒಂದು ಗೇಣು ಕೆಳಗಿತ್ತು.

"ರೀ! ಇಲ್ ಬನ್ನಿ! ಯಾರೋ ಹಿಟ್ಟು ಕದ್ದಿದಾರೆ!"

ಕಾಂತರಾಜ್ ಬಂದು ನೋಡಿದ. "ಕದ್ದೋರು ಹೊದಿಕೆ ಬಿಟ್ಟು ಹಿಟ್ಟು ಕದೀತಾರಾ? ಲೇ, ನೀನು ಕೊನೇಲಿ ಹಿಡಿ ಹಾಕಿದ್ದು ಯಾವಾಗ?"

ಶ್ಯಾಮಲಮ್ಮ ಬಾಯಿ ತೆರೆದಳು. ನೆನ್ನೆ ಹಾಕಿದೆ ಎಂದು ಹೇಳಹೊರಟವಳಿಗೆ ನೆನಪಾದದ್ದು ತಾನು ನಕ್ಕಿದ್ದು ಮಾತ್ರ. ಮೊನ್ನೆಯದೂ ನಗುವೇ.

"ಅದಕ್ಯಾಕೆ ಅಳ್ತೀಯ?" ಕಾಂತರಾಜ್ ಗಿರಣಿಯಿಂದ ಬಂದ ಹಿಟ್ಟಿನ ಚೀಲವನ್ನು ಎಳೆದು ತಂದ. "ಸುರಿದುಬಿಡು. ಹಿಟ್ಟು ಹಿಟ್ಟೇ. ದೇವರೇನು ಜರಡಿ ಹಿಡಿದು ನೋಡ್ತಾನಾ?"

ಮಡಕೆಯೊಳಗೆ ಮೆತ್ತಪ್ಪ ಉಸಿರು ಬಿಗಿಹಿಡಿದ. ಚೀಲದಿಂದ ಸುರಿದ ಹಿಟ್ಟು ಅವನಿಗೆ ಹಾಸಿಗೆ ಇದ್ದಹಾಗೆ. ಪೀಠದ ತನಕ ಅದರ ಮೇಲೆ ಮಲಗಿಕೊಂಡೇ ಹೋಗಬಹುದು. ಹೋಗಿ ಅಲ್ಲೇ ಬಿಡಾರ ಹೂಡಬಹುದು.

ಶ್ಯಾಮಲಮ್ಮ ಚೀಲ ಎತ್ತಿದಳು. ಮಡಕೆಯ ಬಾಯಿಗೆ ಹಿಡಿದಳು. ಯಾರಿಗೂ ಗೊತ್ತಾಗುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಅಯ್ಯನವರಿಗೆ ಗೊತ್ತಾಗುವುದಿಲ್ಲ, ಸಭೆಗೆ ಗೊತ್ತಾಗುವುದಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ತನಗೇ ಗೊತ್ತಿರುವುದಿಲ್ಲವೇನೋ. ಆ ಕೊನೆಯದು ಹೊಳೆದದ್ದೇ ಅವಳಿಗೆ ಹೆದರಿಕೆಯಾಯಿತು. ಚೀಲ ಕೆಳಗಿಟ್ಟಳು.

"ರೀ, ನೀವು ಮಂಚದಲ್ಲಿ ಮಲಗಿದ್ದಾಗ ಒಂದಿನ ಹಿಟ್ಟು ಒಂದೇ ಮುದ್ದೆಗೆ ಆಗೋ ಅಷ್ಟಿತ್ತು. ಇವತ್ತು ಹಿಡಿ ಬೇಡ ಅಂತ ನಾನು ಸುಮ್ನಿದ್ದೆ. ನೀವು ಮಂಚದಿಂದಲೇ ಏನಂದ್ರಿ ನೆನಪಿದೆಯಾ? ನನ್ನ ಮುದ್ದೆ ಚಿಕ್ಕದಾದ್ರೂ ಪರ್ವಾಗಿಲ್ಲ, ದೇವರ ಹಿಡಿ ತೆಗಿ ಅಂದ್ರಿ."

"ನಾನು ಅಂದ್ನಾ?"

"ನೀವೇ ಅಂದ್ರಿ. ಆಗ ನಿಮಗೆ ಬುದ್ಧಿ ಇತ್ತು. ನನಗೂ ಇತ್ತು."

ಕಾಂತರಾಜ್ ಚೀಲದ ಬಾಯಿ ಕಟ್ಟಿದ. "ಮತ್ತೆ ಹೆಂಗೆ ತುಂಬುಸ್ತೀಯ?"

"ಮುದ್ದೆ ಮಾಡ್ತೀನಿ. ಒಂದ್ಸಲ ಎಸರಿಟ್ರೆ ಒಂದು ಹಿಡಿ."

"ಯಾರೇ ತಿಂತಾರೆ ಅಷ್ಟನ್ನ?"

"ಹಸಿದೋರು."

ಅವತ್ತು ಮಧ್ಯಾಹ್ನದಿಂದಲೇ ಹಿತ್ತಿಲಲ್ಲಿ ಒಲೆಗಳು ಹೊತ್ತಿದವು. ಸಣ್ಣ ಸಣ್ಣ ಪಾತ್ರೆ, ಪ್ರತಿ ಪಾತ್ರೆಗೂ ಬೇರೆ ಎಸರು, ಪ್ರತಿ ಎಸರಿಗೂ ಒಂದು ಹಿಡಿ, ಎರಡು ಮಾತು. ತಿನ್ನುವವರು ಎದುರಿಗೆ ಕೂತಿರಲೇಬೇಕು. ಅವರೆಕಾಯಿಯ ಕಾಲವಾದ್ದರಿಂದ ಹಿದುಕಿದ ಬೇಳೆ ಸಾರು. ಕಣದಲ್ಲಿ ರಾಗಿ ಬಡಿಯುತ್ತಿದ್ದವರು ಬಂದರು. ಟೊಮೆಟೊ ಬಿಡಿಸುತ್ತಿದ್ದವರು ಬಂದರು. ಬಚ್ಚಮ್ಮನ ಗಂಡ ಸುಬ್ಬರಾಯಪ್ಪ ಎರಡು ಸಲ ಬಂದ, ಎರಡನೆಯ ಸಲ ಟೋಪಿ ಹಾಕಿಕೊಂಡು ಬೇರೆ ಯಾರೋ ಎಂಬಂತೆ ಬಂದ. ಮಡಕೆಯೊಳಗೆ ಆಲಿಕಲ್ಲು ಸುರಿಯತೊಡಗಿತು. ಆಕ್ಷೀ, ಆಕ್ಷೀ, ಆಕ್ಷೀ.

ಶುಕ್ರವಾರ ಜನ ಕಡಿಮೆಯಾದರು. ಸುಬ್ಬರಾಯಪ್ಪ ಶ್ಯಾಮಲಮ್ಮನನ್ನು ಕಂಡು ಹುಲ್ಲಿನ ಬಣವೆಯ ಹಿಂದೆ ಅವಿತುಕೊಂಡ. ಬಚ್ಚಮ್ಮ ಕೈಮುಗಿದಳು.

"ಅಕ್ಕಯ್ಯಾ, ನಿನ್ ದೇವರಾಣೆಗೂ ಹೊಟ್ಟೇಲಿ ಜಾಗ ಇಲ್ಲ. ನಮ್ಮನೆ ಎಮ್ಮೆ ಕೂಡ ನಿಮ್ ಹಿತ್ತಲ ಕಡೆ ನೋಡಕ್ಕೆ ಹೆದರ್ತೈತೆ."

"ಒಂದೇ ಒಂದು ಮುದ್ದೆ ಕಣೇ ಬಚ್ಚಿ."

"ವದ್ದು ವದ್ದು, ಬ್ಯಾಡ! ನೆನ್ನೆ ತಿಂದಿದ್ದೇ ಇನ್ನೂ ಕರಗಿಲ್ಲ. ಇಷ್ಟು ಒದ್ದಾಡೋ ಬದಲು ಚೀಲದಿಂದ ಹಾಕ್ಬಾರ್ದಾ?"

"ನೀನು ಮುಡುಪು ಕಟ್ಟೋ ದುಡ್ಡನ್ನ ಪಕ್ಕದ ಮನೆಯಿಂದ ಇಸ್ಕೊಂಡು ಕಟ್ತೀಯೇನೇ?"

ಬಚ್ಚಮ್ಮ ಯೋಚಿಸಿದಳು. "ಕಟ್ಟಲ್ಲ," ಅಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ತಿನ್ನಕ್ಕಂತೂ ಆಗಲ್ಲ. ಜನಾನ ಹುಡುಕ್ಕೊಂಡು ಬರ್ತೀನಿ, ನಡಿ," ಅಂದಳು.

ಹುಡುಕುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಇಬ್ಬರೂ ಬೀದಿ ಬೀದಿ ಅಲೆದರು. ಯಲ್ದೂರಿನಲ್ಲಿ ಹಸಿದವರೇ ಇರಲಿಲ್ಲ! ಎಲ್ಲರ ಮನೆಯಲ್ಲೂ ಹೊಸ ರಾಗಿ, ಎಲ್ಲರ ಒಲೆಯ ಮೇಲೂ ಅವರೆಕಾಳು. ಕೇಳಿದವರೆಲ್ಲ ಹೊಟ್ಟೆ ಸವರಿಕೊಂಡು ತೇಗುವವರೇ. ಊರೇ ಒಂದು ದೊಡ್ಡ ಸೋಫಾದ ಮೇಲೆ ಕೂತುಬಿಟ್ಟಿದೆ ಅನ್ನಿಸಿತು ಶ್ಯಾಮಲಮ್ಮನಿಗೆ. ಬರಿಗೈಯಲ್ಲಿ ಮನೆಗೆ ಬಂದವಳ ಕಿವಿಯಲ್ಲಿ ಮೆತ್ತಪ್ಪ ಬುಗುಟಿಗಳನ್ನು ಸವರಿಕೊಳ್ಳುತ್ತಾ, "ನೋಡಿದ್ಯಾ, ಪ್ರಯತ್ನ ಪಟ್ಟೆ, ಅಷ್ಟೇ ಸಾಕು, ಹೋಗಿ ಕೂತ್ಕೋ," ಎಂದು ಹಾಡತೊಡಗಿದ.

ಶನಿವಾರ ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದರು. ಮುಳಬಾಗಿಲಿಗೆ ಹೋಗುವ ಬಸ್ಸು ಬಂದು ನಿಂತಿತು. ಶ್ಯಾಮಲಮ್ಮ ಮೆಟ್ಟಿಲ ಮೇಲೆ ಹತ್ತಿ ಕೂಗಿದಳು.

"ಹಸಿದಿರೋರು ಯಾರಾದ್ರೂ ಇದ್ದೀರಾ?"

ಒಬ್ಬ ಪಫ್ಸ್ ತಿನ್ನುತ್ತಿದ್ದವನು ಅದನ್ನು ಬಚ್ಚಿಟ್ಟುಕೊಂಡ. ಒಬ್ಬ ಮುದುಕ, "ಶನಿವಾರ ಉಪವಾಸನಮ್ಮಾ," ಅಂದ.

ಕಂಡಕ್ಟರ್ ಮುನಿಕೃಷ್ಣಪ್ಪ ಮುಂದೆ ಬಂದ. "ಏನಮ್ಮಾ, ಹತ್ತೋದಾದ್ರೆ ಹತ್ತು, ಇಳಿಯೋದಾದ್ರೆ ಇಳಿ. ಹಸಿವಿನ ಲೆಕ್ಕ ನಿಂಗ್ಯಾಕೆ?"

"ಮುದ್ದೆ ಇದೆ ಕಣಪ್ಪಾ. ಹಿದುಕಿದ ಬೇಳೆ ಸಾರು. ಎಸರು ಕಾಯ್ತಾ ಇದೆ."

ಮುನಿಕೃಷ್ಣಪ್ಪ ಒಂದು ಕ್ಷಣ ಟಿಕೆಟ್ ಮಷೀನು ನೋಡಿದ. "ಹಿದುಕಿದ ಬೇಳೆನಾ?" ಎಂದು ಮೆತ್ತಗೆ ಕೇಳಿದ. "ಬೆಳಿಗ್ಗೆಯಿಂದ ಟೀ ಬಿಟ್ರೆ ಏನೂ ಇಲ್ಲಮ್ಮಾ." ಆಮೇಲೆ ಡ್ರೈವರ್ ಕಡೆ ತಿರುಗಿ, "ಅಣ್ಣಾ, ಎಂಜಿನ್ ಆಫ್!" ಎಂದು ಕೂಗಿದ.

ಹಿತ್ತಿಲಿಗೆ ಬಂದು ಕಂಡಕ್ಟರ್ ತಿಂದ, ಡ್ರೈವರ್ ತಿಂದ. ಬಸ್ಸಿನವರು ಬೈಯಲು ಇಳಿದು ಬಂದು, ಸಾರಿನ ವಾಸನೆಗೆ ಸೋತು ಅವರೂ ಕೂತರು. ಉಪವಾಸದ ಮುದುಕ ಮಾತ್ರ ಬಂದು ವಾಸನೆ ನೋಡಿ ಬೈದುಕೊಂಡು ಹೋದ. ಆ ಬಸ್ಸಿನವರು ಕೋಲಾರದಿಂದ ಬರುವ ಬಸ್ಸಿನವರಿಗೆ ಫೋನ್ ಮಾಡಿ ಹೇಳಿದರು. ಬಚ್ಚಮ್ಮ ಮುದ್ದೆ ಕಟ್ಟಿದಳು, ಕಾಂತರಾಜ್ ನೀರು ಹೊತ್ತ, ಶ್ಯಾಮಲಮ್ಮ ಹಿಡಿ ಹಿಡಿದು ಕಣ್ಣುಮುಚ್ಚಿದಳು, ತೆರೆದಳು, ಮತ್ತೆ ಹಿಡಿದಳು. ಹಿಟ್ಟು ಮಡಕೆಯ ಕತ್ತಿಗೆ ಬಂತು. ಮೆತ್ತಪ್ಪ ಕುತ್ತಿಗೆಯ ತನಕ ಹೂತುಹೋಗಿ ಮೂಗೊಂದನ್ನು ಹೊರಗಿಟ್ಟುಕೊಂಡಿದ್ದ.

ಬಿಸಿಲು ಇಳಿಯಿತು. ಕೊನೆಯ ಬಸ್ಸಿನವರು ಕೈತೊಳೆದು ಹೊರಟರು. ಬಚ್ಚಮ್ಮ ಸೊಂಟ ಹಿಡಿದುಕೊಂಡು ಮನೆಗೆ ಹೋದಳು. ಶ್ಯಾಮಲಮ್ಮ ಮಡಕೆಯ ಬಾಯಿ ಸವರಿ ನೋಡಿದಳು. ಇನ್ನೊಂದು ಹಿಡಿ ಬೇಕಿತ್ತು. ಚೀಲದ ತಳದಲ್ಲಿ ಒಂದು ಮುದ್ದೆಗಾಗುವಷ್ಟು ಹಿಟ್ಟೂ ಇತ್ತು. ತಿನ್ನುವವರಿರಲಿಲ್ಲ.

"ರೀ, ನಿಮಗೆ ಹಸಿವಾ?"

"ಬಸ್ಸಿನೋರ ಜೊತೆ ಮೂರು ಸಲ ತಿಂದೆ," ಕಾಂತರಾಜ್ ನರಳಿದ. "ನನ್ನ ಕೇಳ್ಬೇಡ."

"ಅಷ್ಟು ತುಂಬಿದೆಯಲ್ಲ, ಸಾಕು ಬಿಡು," ಎಂದ ಮೆತ್ತಪ್ಪ, ಹಿಟ್ಟು ತುಂಬಿದ ಬಾಯಲ್ಲಿ. "ಯಾರು ನೋಡ್ತಾರೆ ಒಂದು ಹಿಡೀನ? ಮೇಲೆ ಕ್ರೋಷಾ ಹಾಕಿದ್ರೆ ಕಾಣಲ್ಲ."

ಕ್ರೋಷಾ ಹಗ್ಗದ ಮೇಲೆ ಒಣಗುತ್ತಿತ್ತು. ಶ್ಯಾಮಲಮ್ಮ ಅದನ್ನು ನೋಡಿದಳು, ಕೈ ಅತ್ತ ಹೋಯಿತು ಕೂಡ. ಅಷ್ಟರಲ್ಲಿ ಅವಳ ಹೊಟ್ಟೆ ದೊಡ್ಡದಾಗಿ ಗುರ್ ಎಂದಿತು.

ಅವಳೇ ಬೆಚ್ಚಿದಳು. ಬೆಳಿಗ್ಗೆಯಿಂದ ಊರಿಗೆಲ್ಲ ಬಡಿಸಿದವಳು ತಾನು ತಿಂದಿರಲಿಲ್ಲ. ಯಲ್ದೂರಿನಲ್ಲಿ ಹಸಿದವರನ್ನು ಹುಡುಕಿ ಬಸ್ ನಿಲ್ದಾಣದ ತನಕ ಹೋಗಿ ಬಂದವಳು ನಗಲು ಶುರುಮಾಡಿದಳು. ನಗುತ್ತಲೇ ಎಸರಿಟ್ಟಳು. ಚೀಲ ಕೊಡವಿ ಹಿಟ್ಟು ಅಳೆದಳು. ಒಂದು ಹಿಡಿ ತೆಗೆದಳು. ಹಿಟ್ಟು ಅರ್ಧಕ್ಕರ್ಧ ಹೋಯಿತು. ಹಸಿವು ಎಷ್ಟಿತ್ತೆಂದರೆ ಆ ಹಿಡಿಯನ್ನು ನೋಡಿ ಮನಸ್ಸು ಚುರುಕ್ ಎಂದಿತು. ಎಷ್ಟೋ ಕಾಲದ ಮೇಲೆ ಹಿಡಿ ಕೈಗೆ ಭಾರವೆನಿಸಿತು.

"ಕರ್ತನೇ," ಅಂದಳು. ಹಿಡಿಯನ್ನು ಮಡಕೆಗೆ ಹಾಕಿದಳು.

ಮೆತ್ತಪ್ಪ ಬುಳಕ್ಕೆಂದು ಮಡಕೆಯ ಬಾಯಿಂದ ಹೊರಗೆ ಬಿದ್ದ. ಅಡಿಯಿಂದ ಮುಡಿಯ ತನಕ ಹಿಟ್ಟು, ಹೊಟ್ಟೆಯ ಹತ್ತಿಯೆಲ್ಲ ಗಂಟುಗಂಟು. ತೆವಳಿಕೊಂಡು ಹೋಗಿ ಸೋಫಾ ಹತ್ತಿ, ಗಂಡಹೆಂಡತಿ ಬಂದು ಕೂರುವುದನ್ನೇ ಕಾಯುತ್ತಾ ಕೂತ. ಕಾಂತರಾಜ್ ಹಾಗೇ ಬಂದು ಕೂರಲು ಬಗ್ಗಿದ.

"ಅಲ್ಲಿ ಕೂತ್ರೆ ಎದ್ದೇಳಲ್ಲ ನೀವು," ಎಂದಳು ಶ್ಯಾಮಲಮ್ಮ, ನಿಂಬೆಹಣ್ಣಿನಷ್ಟು ಮುದ್ದೆಯನ್ನು ನುಂಗುತ್ತಾ. "ಬನ್ನಿ, ನೆಲದ ಮೇಲೆ ಪ್ರಾರ್ಥನೆ ಮಾಡೋಣ."

"ಮೂಳೆ ನೋಯುತ್ತೆ ಕಣೇ."

"ಗೋಡೆ ಹಾರುವಾಗ ನೋಯಲಿಲ್ವಾ?"

ಭಾನುವಾರ ಬೆಳಿಗ್ಗೆ ಶ್ಯಾಮಲಮ್ಮ ಸಿಂಬಿ ಸುತ್ತಿ ಮಡಕೆಯನ್ನು ತಲೆಗೇರಿಸಿದಳು. ಹೊದಿಕೆಯನ್ನು ಹಗ್ಗದ ಮೇಲೇ ಬಿಟ್ಟಳು. ಮಡಕೆ ಬಲು ಭಾರ. ಬೀದಿಯ ತಿರುವಿನಲ್ಲಿ ಅಯ್ಯನವರ ಕಾರು ಪಕ್ಕಕ್ಕೆ ಬಂದು ನಿಂತಿತು.

"ಶ್ಯಾಮಲಮ್ಮನೋರೇ, ಕೂತ್ಕೊಳ್ಳಿ, ಏಸಿ ಇದೆ."

"ಬೇಡ ಅಯ್ಯನವರೇ. ನೀವು ಮುಂದೆ ಹೋಗಿ ಗಂಟೆ ಹೊಡೆಸಿ. ಮತ್ತೆ, ಇವತ್ತು ನನ್ನ ಹೆಸರು ಎತ್ತಬೇಡಿ."

"ಯಾಕಮ್ಮಾ?"

"ನೀವು ಹೊಗಳಿದ್ರೆ ನನಗೆ ನಿದ್ದೆ ಬರುತ್ತೆ."

ಅಯ್ಯನವರಿಗೆ ಅರ್ಥವಾಗಲಿಲ್ಲ. ತಮ್ಮ ಪ್ರಸಂಗದ ಬಗ್ಗೆ ಹೇಳಿದಳೆಂದುಕೊಂಡು ಮುಖ ಸಣ್ಣಗೆ ಮಾಡಿಕೊಂಡು ಹೋದರು.

ಹೊಂಗೆ ಮರದ ಕಟ್ಟೆಯ ಹತ್ತಿರ ಕತ್ತು ಸೆಳೆಯಿತು. ಸೋಫಾದಿಂದ ಎದ್ದು ಹಿಂದೆಯೇ ಬಂದಿದ್ದ ಮೆತ್ತಪ್ಪ (ಅವನ ಕುಲದಲ್ಲಿ ಇಷ್ಟು ದೂರ ನಡೆದವರು ಇನ್ನೊಬ್ಬರಿಲ್ಲ) ಏದುಸಿರು ಬಿಡುತ್ತಾ, "ಒಂಚೂರು ಇಳಿಸು. ನೆರಳಿದೆ. ಎರಡೇ ನಿಮಿಷ," ಎಂದ. ಕಟ್ಟೆಯ ಮೇಲೆ ಕೂತಿದ್ದ ಸುಬ್ಬರಾಯಪ್ಪನೂ ಎದ್ದು ಜಾಗ ಮಾಡಿಕೊಟ್ಟ. ಶ್ಯಾಮಲಮ್ಮ ಕಟ್ಟೆ ನೋಡಿದಳು. ಇಳಿಸಿದರೆ ಕೂರುತ್ತೇನೆ, ಕೂತರೆ ಮಾತಿಗೆ ಬಚ್ಚಮ್ಮ ಬರುತ್ತಾಳೆ, ಬಚ್ಚಮ್ಮ ಬಂದರೆ ಕಾಫಿ ಬರುತ್ತದೆ, ಕಾಫಿ ಬಂದ ಮೇಲೆ ಮುಂದಿನ ಸುಗ್ಗಿ ಬರುತ್ತದೆ.

"ಆಮೇಲೆ ಬರ್ತೀನಣ್ಣಾ," ಎಂದು ನಡೆದಳು. ಪಕ್ಕದಲ್ಲಿ ಕಾಂತರಾಜ್ ಕುಂಟದೆ ನಡೆದ, ಅವಳ ಕೈ ಜಾರಿದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡೇ ನಡೆದ. ಆದರೆ ಮಡಕೆಯನ್ನು ಮುಟ್ಟಲಿಲ್ಲ.

ಚರ್ಚಿನಲ್ಲಿ ಹಾಡು ಶುರುವಾಗಿತ್ತು. ಪೀಠದ ಮುಂದೆ ಕುಂಬಳಕಾಯಿ, ಕಬ್ಬು, ಟೊಮೆಟೊ ಬುಟ್ಟಿ, ಒಂದು ಕೋಳಿ. ಶ್ಯಾಮಲಮ್ಮ ಚಪ್ಪಲಿ ಬಿಟ್ಟು, ನಡುವಿನ ದಾರಿಯಲ್ಲಿ ಯಾರ ಮುಖವನ್ನೂ ನೋಡದೆ ನೇರ ಹೋದಳು. ಮೊಣಕಾಲು ಮಡಿಸಿದಳು. ಕುಂಬಳಕಾಯಿಯನ್ನು ಮೊಣಕೈಯಿಂದ ಸ್ವಲ್ಪ ಸರಿಸಿ, ಎರಡೂ ಕೈಯಲ್ಲಿ ಮಡಕೆಯನ್ನು ತಲೆಯಿಂದ ಇಳಿಸಿ ಪೀಠದ ಮುಂದೆ ಇಟ್ಟಳು.